ಕರೆಂಟ್ ಹೋದಾಗ ಕೇಳಿಸುತ್ತಿದ್ದ ಸದ್ದು

ಗೊಟ್ಟಿಗೆರೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗಡೆ ಓನರ್ ಬೈರಣ್ಣನವರ ಸಂಸಾರವಿತ್ತು. ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ನಿಂತು, ಪಕ್ಕದ ಸೈಟಿನ ಕಾಂಕ್ರೀಟ್ ಮಿಕ್ಸರ್ ಕೂಡ ಸುಮ್ಮನಾದಾಗ ಅವರ ನಡುಮನೆಯಲ್ಲಿ ಒಂದು ಸಣ್ಣ ಸದ್ದು ಕೇಳಿಸುತ್ತಿತ್ತು. ಟಿಕ್, ಟಿಕ್, ಟಿಕ್. ಹೊಸಬರು ಗಡಿಯಾರ ಎಲ್ಲಿದೆ ಎಂದು ತಲೆ ಎತ್ತಿ ಗೋಡೆ ನೋಡುತ್ತಿದ್ದರು. ನಾನೂ ಮೊದಲ ಸಲ ಹಾಗೇ ನೋಡಿದ್ದೆ.

“ಮೇಲ್ಯಾಕ್ ನೋಡ್ತೀರಾ ಮಿಸ್, ಇಲ್ಲೈತೆ,” ಎಂದು ಬೈರಣ್ಣನವರ ಹೆಂಡತಿ ನಾಗವೇಣಿಯಕ್ಕ ತಮ್ಮ ಎದೆ ಮುಟ್ಟಿ ತೋರಿಸಿ ನಕ್ಕಿದ್ದರು. “ಇದಕ್ಕೆ ಸೆಲ್ ಬ್ಯಾಡ, ಕೀ ಕೊಡಂಗೂ ಇಲ್ಲ. ದಿನಾ ಒಂದ್ ಮಾತ್ರೆ ಹಾಕುದ್ರೆ ಸಾಕು.”

ನಾನು ಜೆ.ಪಿ. ನಗರದ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಅದಕ್ಕೇ ಅವರ ಬಾಯಲ್ಲಿ ನಾನು ಮಿಸ್. ಅವರ ಒಬ್ಬಳೇ ಮಗಳು ಶ್ವೇತ ಆಗ ಹತ್ತನೇ ಕ್ಲಾಸಿನಲ್ಲಿದ್ದಳು. ಸಂಜೆ ಪಾಠ ಹೇಳಿಸಿಕೊಳ್ಳಲು ಮೇಲೆ ಬರುತ್ತಿದ್ದಳು. ಹೃದಯದ ಚಿತ್ರ ಬರೆಸುತ್ತಿದ್ದ ದಿನ ಅಕ್ಕ ಕಾಫಿ ಹಿಡಿದು ಬಂದು, ಮೆಟ್ಟಿಲು ಹತ್ತಿದ ಆಯಾಸಕ್ಕೆ ಬಾಗಿಲಲ್ಲೇ ನಿಂತು ಸುಧಾರಿಸಿಕೊಂಡು, ಮಗಳ ಪುಸ್ತಕದ ಮೇಲೆ ಬಗ್ಗಿದರು.

“ಇಷ್ಟೇನಾ? ನಾಕು ಕ್ವಾಣೆ? ನಮ್ ಈ ಬಾಡಿಗೆ ಮನೆಗಿಂತ ಚಿಕ್ದು.”

“ಅಮ್ಮ, ನಿಂದು ಈ ಬಾಗ್ಲು,” ಎಂದು ಶ್ವೇತ ಎಡಗಡೆಯ ಎರಡು ಕೋಣೆಗಳ ನಡುವಿನ ಕವಾಟಕ್ಕೆ ಪೆನ್ಸಿಲ್ ಮುಟ್ಟಿಸಿದಳು.

ಅಕ್ಕ ಅದನ್ನೇ ಬಹಳ ಹೊತ್ತು ನೋಡಿದರು. “ಚೆನ್ನಾಗಿ ಬರಿ. ನನ್ ಬಾಗ್ಲು ಸೊಟ್ಟ ಬರೀಬ್ಯಾಡ,” ಎಂದರು.

ಅವರ ತವರು ಜಿಗಣಿಯ ಆಚೆಗಿನ ಒಂದು ಸಣ್ಣ ಹಳ್ಳಿ. ಐದನೇ ಕ್ಲಾಸಿನಲ್ಲಿದ್ದಾಗ ಅವರಿಗೆ ಗಂಟಲುನೋವು ಬಂದು ಜ್ವರ ಏರಿತ್ತು. ಜ್ವರ ಬಿಟ್ಟ ಕೆಲವು ವಾರಗಳ ಮೇಲೆ ಕೀಲುಗಳು ಊದಿಕೊಂಡವು. ಒಂದು ದಿನ ಮಂಡಿ, ಅದು ಇಳಿಯುವಷ್ಟರಲ್ಲಿ ಮೊಣಕೈ, ಆಮೇಲೆ ಹರಡು. ಅಜ್ಜಿ ಹರಳೆಲೆ ಬಿಸಿ ಮಾಡಿ ಕಟ್ಟಿದರು. ಊತ ಇಳಿಯಿತು, ಹುಡುಗಿ ಮತ್ತೆ ಶಾಲೆಗೆ ಹೋದಳು, ಎಲ್ಲರೂ ಮರೆತರು. ಗಂಟಲಿಗೆ ಬಂದ ಆ ರೋಗಾಣುವಿನ ಮೇಲೆ ಮೈ ತಾನೇ ಹೂಡಿದ ಯುದ್ಧ ಕೆಲವು ಮಕ್ಕಳಲ್ಲಿ ಗುರಿ ತಪ್ಪಿ ಹೃದಯದ ಕವಾಟಗಳ ಮೇಲೆ ತಿರುಗುತ್ತದೆ. ಕೀಲುಗಳು ವಾಸಿಯಾಗುತ್ತವೆ, ಕವಾಟ ಆಗುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ದಪ್ಪಗಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಾ ಹೋಗುತ್ತದೆ. ಗಂಟಲುನೋವು ಬಂದಾಗಲೇ ಸರಿಯಾದ ಔಷಧ ಬಿದ್ದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಗಂಟಲುನೋವಿಗೆ ಆಸ್ಪತ್ರೆಗೆ ಹೋಗುವ ರೂಢಿ ಆ ಊರಿನಲ್ಲಿರಲಿಲ್ಲ. ನಮ್ಮೂರಿನಲ್ಲೂ ಇರಲಿಲ್ಲ.

ಗೊಟ್ಟಿಗೆರೆಗೆ ಸೊಸೆಯಾಗಿ ಬಂದು ಬಸುರಿಯಾದಾಗ ಮೊದಲ ಸಲ ಉಸಿರು ಕಟ್ಟಿತು. ಬಸುರಿಯ ಮೈಯಲ್ಲಿ ರಕ್ತ ಹೆಚ್ಚುತ್ತದೆ. ಕಿರಿದಾದ ಬಾಗಿಲಲ್ಲಿ ಅಷ್ಟು ರಕ್ತ ದಾಟಲಾರದೆ ಶ್ವಾಸಕೋಶದ ಕಡೆಗೇ ಒತ್ತುತ್ತದೆ. ಅತ್ತೆ ಮುನಿವೆಂಕಟಮ್ಮನವರು, “ಬಸ್ರಿ ಅಂದ್ಮೇಲೆ ಏದುಸ್ರು ಇದ್ದಿದ್ದೇ. ನಾನೇನು ಓಡಾಡ್ಕಂಡು ಹೆತ್ನಾ?” ಎಂದು ಸುಮ್ಮನಿದ್ದರು. ಹೆರಿಗೆ ಕಷ್ಟವಾಯಿತು. ಶ್ವೇತ ಹುಟ್ಟಿದಳು. ಇನ್ನೊಂದು ಮಗು ಬೇಡ ಎಂದು ಡಾಕ್ಟರು ಎಚ್ಚರಿಸಿ ಕಳಿಸಿದರು.

ಶ್ವೇತ ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಅಕ್ಕನಿಗೆ ನೀರಿನ ಕೊಡ ಎತ್ತಲೂ ಆಗುತ್ತಿರಲಿಲ್ಲ. ಹೃದಯದ ಆಸ್ಪತ್ರೆಯಲ್ಲಿ ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದ್ದನ್ನು ಅಕ್ಕ ಗಂಡನ ದನಿಯಲ್ಲೇ ಆಡಿ ತೋರಿಸುತ್ತಿದ್ದರು. ಬಾಗಿಲು ಪೂರ್ತಿ ತೆರೆಯುತ್ತಿಲ್ಲ, ಸರಿಯಾಗಿ ಮುಚ್ಚುತ್ತಲೂ ಇಲ್ಲ, ಮುಂದೆ ಹೋದ ರಕ್ತ ಹಿಂದಕ್ಕೆ ಬರುತ್ತಿದೆ ಎಂದು ಡಾಕ್ಟರು ಹೇಳಿದರಂತೆ. ನೀರಿನ ಟ್ಯಾಂಕರ್ ಓಡಿಸುವ ಬೈರಣ್ಣ ತಲೆ ಆಡಿಸಿ, “ಅಂದ್ರೆ ಫುಟ್‌ವಾಲ್ವ್ ಹೋಗೈತೆ ಅನ್ನಿ ಸಾರ್. ಮೋಟ್ರು ಚೆನ್ನಾಗೈತೆ, ಎತ್ತಿದ್ ನೀರು ವಾಪಸ್ ಇಳೀತೈತೆ,” ಎಂದರಂತೆ.

“ನಾನು ಅಷ್ಟೊತ್ತು ಹೇಳಿದ್ದನ್ನ ಒಂದೇ ಮಾತಲ್ಲಿ ಹೇಳ್ಬಿಟ್ರಲ್ರೀ,” ಎಂದು ಡಾಕ್ಟರು ನಕ್ಕು, ಬೇರೆ ವಾಲ್ವ್ ಹಾಕೋಣ ಎಂದರು.

ಎದೆ ಸೀಳಿ, ಮುಚ್ಚಿದಾಗಲೆಲ್ಲ ಟಿಕ್ ಎನ್ನುವ ಕೃತಕ ಕವಾಟ ಹಾಕಿದ ದಿನ ಮುನಿವೆಂಕಟಮ್ಮ ಆಸ್ಪತ್ರೆಗೆ ಹೋಗಲಿಲ್ಲ. ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಊರ ಮಾರಮ್ಮನ ಗುಡಿಯ ಮುಂದೆ ಕೂತುಬಿಟ್ಟರು. “ನನ್ ಸೊಸೆ ಎದ್ದು ಮನೀಗ್ ಬರ್ಲಿ ತಾಯಿ. ಅವ್ಳ ತಲೆ ಮ್ಯಾಲೇ ನಿಂಗೆ ಆರತಿ ಹೊರುಸ್ತೀನಿ,” ಎಂದು ಹರಕೆ ಹೊತ್ತರು. ಯುಗಾದಿ ಕಳೆದ ಮೇಲೆ ನಡೆಯುವ ಊರಹಬ್ಬದಲ್ಲಿ ಹಳೇ ಮನೆತನಗಳ ಹೆಂಗಸರು ತಂಬಿಟ್ಟಿನ ಆರತಿ ಹೊರುತ್ತಾರೆ. ಅಕ್ಕಿಹಿಟ್ಟು, ಬೆಲ್ಲ ಕಲಸಿ ದೀಪದಂತೆ ಮಾಡಿ, ತುಪ್ಪದ ಬತ್ತಿ ಹಚ್ಚಿ, ತಟ್ಟೆಗೆ ಹೂವು ಸುತ್ತಿ, ಉಪವಾಸದಲ್ಲಿ, ಬರಿಗಾಲಲ್ಲಿ, ತಲೆಯ ಮೇಲಿಟ್ಟುಕೊಂಡು ಗುಡಿಗೆ ಹೋಗುತ್ತಾರೆ. ಆ ಮನೆಯ ಆರತಿಯನ್ನು ಅಲ್ಲಿಯತನಕ ಮುನಿವೆಂಕಟಮ್ಮನವರೇ ಹೊರುತ್ತಿದ್ದರು.

ಸೊಸೆ ಎದ್ದು ಮನೆಗೆ ಬಂದರು. ಅತ್ತೆ ಬಾಣಂತಿಗೆ ಮಾಡಿದಂತೆ ಆರೈಕೆ ಮಾಡಿದರು. ತಲೆ ಬಾಚಿದರು, ಬಿಸಿನೀರು ಕಾಯಿಸಿಕೊಟ್ಟರು. ಅವರಿಗೆ ಒಪ್ಪಿಗೆಯಾಗದೆ ಹೋದದ್ದು ಮಾತ್ರೆಯೊಂದೇ. ಹೊರಗಿನ ವಸ್ತು ಒಳಗೆ ಕೂತಾಗ ಅದರ ಸುತ್ತ ರಕ್ತ ಹೆಪ್ಪುಗಟ್ಟಲು ಹವಣಿಸುತ್ತದೆ. ಹೆಪ್ಪು ಕಟ್ಟಿದರೆ ಕವಾಟ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹೆಪ್ಪಿನ ಚೂರು ಮಿದುಳಿಗೆ ಹೋಗಿ ಕೂರುತ್ತದೆ. ಅದನ್ನು ತಡೆಯಲು ಬದುಕಿರುವಷ್ಟು ದಿನವೂ ಮಾತ್ರೆ ತಪ್ಪಬಾರದು, ಆಗಾಗ ರಕ್ತಪರೀಕ್ಷೆ ಮಾಡಿಸಿ ಅದರ ಪ್ರಮಾಣ ಸರಿಮಾಡಿಸಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಎಲ್ಲರೂ ಅದನ್ನು ರಕ್ತ ತೆಳು ಮಾಡುವ ಮಾತ್ರೆ ಎನ್ನುತ್ತಿದ್ದರು.

“ಇರೋ ರಕ್ತಾನೂ ನೀರು ಮಾಡುದ್ರೆ ಮೈಯಾಗ್ ಏನ್ ಉಳೀತೈತೆ?” ಎಂದು ಮುನಿವೆಂಕಟಮ್ಮ ನನ್ನನ್ನೇ ಕೇಳಿದ್ದರು. “ಸೊಪ್ಪು ಒಂದಿನ ಜಾಸ್ತಿ ಒಂದಿನ ಕಮ್ಮಿ ಮಾಡಂಗಿಲ್ವಂತೆ, ಒಂದೇ ಸಮ ತಿನ್ಬೇಕಂತೆ. ಎಲ್ಲೈತವ್ವ ಇಂಥ ಸಾಸ್ತ್ರ? ನಮ್ಮನೇಲಿ ಬಸ್ಸಾರಿಗೆ ತಕ್ಕಡಿ ಇಡ್ಬೇಕಾ?”

ಮಾತ್ರೆಯ ಇನ್ನೊಂದು ಪರಿಣಾಮವನ್ನು ಮಾತ್ರ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ತಿಂಗಳ ಮುಟ್ಟು ಬಂದರೆ ಅಕ್ಕನಿಗೆ ನಿಲ್ಲುತ್ತಲೇ ಇರಲಿಲ್ಲ. ವಾರ ಕಳೆದರೂ ಹೋಗುತ್ತಿತ್ತು, ಮುಖ ಬಿಳಿಚಿಕೊಳ್ಳುತ್ತಿತ್ತು. ಹಾಗಾಗಿ ಹರಕೆ ಹಾಗೇ ಉಳಿಯಿತು. ಆಪರೇಷನ್ ಆದ ಮೊದಲ ವರ್ಷ ಎದೆಯ ಮೂಳೆ ಕೂಡಿರಲಿಲ್ಲ. ಮರುವರ್ಷ ಮಾವ ತೀರಿಕೊಂಡು ಸೂತಕ. ಆಮೇಲೆ ಲಾಕ್‌ಡೌನು. ಹಬ್ಬ ಮತ್ತೆ ಶುರುವಾದ ವರ್ಷ ಆರತಿಯ ದಿನ ಅಕ್ಕ ಹೊರಗಾಗಿ ಇನ್ನೂ ನಿಂತಿರಲಿಲ್ಲ. ಅದರ ಮುಂದಿನ ವರ್ಷವೂ ಹಾಗೇ ಆಯಿತು. ಎರಡೂ ಸಲ ಮುನಿವೆಂಕಟಮ್ಮ ತಮ್ಮ ಊದಿದ ಮಂಡಿ ಎಳೆದುಕೊಂಡು ತಾವೇ ಹೊತ್ತರು. ಎರಡನೆಯ ಸಲ ಗುಡಿಯಿಂದ ಬಂದವರು ಖಾಲಿ ತಟ್ಟೆ ಇಳಿಸಿ, ಯಾರಿಗೂ ಹೇಳದವರಂತೆ ಹೇಳಿದರು: “ಕೇಳ್ಕಂಡಿದ್ ಜೀವ ಕೊಟ್ಳು. ಕೊಡ್ತೀನಂದಿದ್ನ ನಾವ್ ಕೊಡ್ಲಿಲ್ಲ. ತಾಯಿಗೆ ಇವ್ಳ ಆರತಿ ಬ್ಯಾಡ್ವೇನೋ.”

ಆ ಮಾತು ಅಕ್ಕನ ಎದೆಯಲ್ಲಿ ಕೂತಿತು. ಗಂಡುಮಗು ಹೆರಲಿಲ್ಲ ಎಂಬ ಮಾತನ್ನು ಅವರು ಎಂದೋ ನಗುತ್ತಾ ದಾಟಿದ್ದರು. ಇದನ್ನು ದಾಟಲಾಗಲಿಲ್ಲ.

ಮರುವರ್ಷ ಯುಗಾದಿ ಕಳೆದ ಮೇಲೆ ತಮಟೆ ಹೊಡೆದು ಹಬ್ಬ ಸಾರಿಕೊಂಡು ಹೋದರು. ಎರಡು ದಿನ ಬಿಟ್ಟು, ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಾ ಅಕ್ಕ ನನ್ನನ್ನು ಕೇಳಿದರು.

“ಮಿಸ್, ಮಾತ್ರೆ ಒಂದೀಟ್ ದಿನ ನಿಲ್ಸುದ್ರೆ ಏನಾಯ್ತದೆ?”

“ಬೇಡಕ್ಕ. ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುತ್ತೆ. ಜೀವಕ್ಕೇ ಅಪಾಯ. ಯಾಕೆ?”

“ಲಾಕ್‌ಡೌನಲ್ಲಿ ಮೆಡಿಕಲ್ ಸ್ಟೋರಲ್ಲಿ ಇರ್ಲಿಲ್ಲ ಅಂತ ಒಂದಷ್ಟು ದಿನ ನುಂಗೇ ಇರ್ಲಿಲ್ಲ. ಏನೂ ಆಗ್ಲಿಲ್ಲ. ಆ ತಿಂಗ್ಳು ಮೂರೇ ದಿನಕ್ಕೆ ನಿಂತೋಯ್ತು ಮಿಸ್, ಮದುವೆಗ್ ಮುಂಚೆ ಹೆಂಗಿತ್ತೋ ಹಂಗೆ.”

“ಅದಕ್ಕೆ ಬೇರೆ ಔಷಧಿ ಇರುತ್ತೆ. ಡಾಕ್ಟರ್ ಹತ್ರ ಹೇಳಿ. ನಾನೂ ಜೊತೆಗೆ ಬರ್ತೀನಿ.”

“ಅಯ್ಯ, ಆ ಗಂಡು ಡಾಕ್ಟ್ರ ಮುಂದೆ ಇದುನ್ನ ಹೆಂಗ್ ಹೇಳದು? ಪಕ್ಕದಲ್ಲಿ ಇವ್ರೂ ಕೂತಿರ್ತಾರೆ. ಎಲ್ಲಾ ಬಿಟ್ಟು ಇದಾ?” ಎಂದು ಅವರು ನಾಚಿ, ಒದ್ದೆ ಟವೆಲಿನಿಂದ ನನ್ನ ತೋಳಿಗೆ ಮೆಲ್ಲಗೆ ಹೊಡೆದರು. “ಸುಮ್ನೆ ಕೇಳ್ದೆ ಬಿಡಿ. ನಿಲ್ಸಲ್ಲ.”

ಅಂದಿನಿಂದಲೇ ನಿಲ್ಲಿಸಿದರು. ಬೆಳಿಗ್ಗೆ ಎಲ್ಲರೆದುರು ಮಾತ್ರೆ ಬಾಯಿಗೆ ಹಾಕಿಕೊಂಡು, ಹಿತ್ತಲಿಗೆ ಹೋಗಿ ಉಗಿಯುತ್ತಿದ್ದರಂತೆ. ಇದು ನಮಗೆ ತಿಳಿದದ್ದು ಆಮೇಲೆ.

ಅವರು ಎಣಿಸಿದಂತೆಯೇ ಆಯಿತು. ಮುಟ್ಟು ಹಬ್ಬಕ್ಕೆ ಮೊದಲೇ ಬಂದು ಬೇಗ ನಿಂತಿತು. ಅಕ್ಕ ಹಗುರವಾಗಿ ಓಡಾಡಿದರು. ಅಕ್ಕಿ ನೆನೆಸಿ ನೆರಳಲ್ಲಿ ಆರಹಾಕಿದರು, ಹೊಸ ಸೀರೆಗೆ ಫಾಲ್ ಹೊಲಿಸಿದರು. ಕೆಲವು ದಿನಗಳಿಂದ ಸಣ್ಣ ಕೆಮ್ಮು ಹಿಡಿದಿತ್ತು. ಮಲಗಿದರೆ ಹೆಚ್ಚಾಗುತ್ತದೆ ಎಂದು ದಿಂಬಿನ ಮೇಲೆ ದಿಂಬು ಇಟ್ಟುಕೊಳ್ಳುತ್ತಿದ್ದರು. ಸೈಟಿನ ಧೂಳು ಎಂದರು. ನಾವೂ ಹೌದೆಂದುಕೊಂಡೆವು.

ಆರತಿಯ ಹಿಂದಿನ ದಿನ ನಾನು ಶಾಲೆಯಿಂದ ಬರುವಾಗ ಮುನಿವೆಂಕಟಮ್ಮ ಗೇಟಿನಲ್ಲೇ ನಿಂತಿದ್ದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಮಿಸ್ಸಮ್ಮ, ಬಾ ಇಲ್ಲಿ. ತಾಯಿ ಕಣ್ ಬಿಟ್ಟವ್ಳೆ. ಮದ್ಯಾನ ಕರೆಂಟ್ ಹೋಯ್ತು ನೋಡು, ಇಬ್ರೂ ಕೂತು ತಂಬಿಟ್ಟಿಗೆ ಬೆಲ್ಲ ಕುಟ್ತಿದ್ವಿ. ಫ್ಯಾನ್ ನಿಂತೋಯ್ತು. ಸದ್ದೇ ಇಲ್ಲ! ನಾಗಿ, ನಿನ್ ಗಡಿಯಾರ ಎಲ್ಲಮ್ಮಿ ಅಂದೆ. ಎದೆಗೆ ಕಿವಿ ಇಟ್ಟು ಕೇಳ್ದೆ. ಒಳಗೆ ದುಬು ದುಬು ಅಂತೈತೆ, ನಿಂಗೂ ನಂಗೂ ಇರಂಗೆ. ಆ ಕಬ್ಣದ್ ಸದ್ದೇ ಇಲ್ಲ ಕಣವ್ವ. ಆರತಿ ಹೊರಕ್ ಮುಂಚೇನೆ ಗುಣ ಮಾಡ್ಬಿಟ್ಳು!”

ನಾನು ಚಪ್ಪಲಿ ಬಿಡದೆ ಒಳಗೆ ಹೋದೆ. ಅಕ್ಕ ಗೋಡೆಗೆ ಒರಗಿ ಹೂ ಕಟ್ಟುತ್ತಿದ್ದರು. ಎರಡು ಹೂವಿಗೊಮ್ಮೆ ಕೈ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದರು.

“ಅಕ್ಕ, ಸದ್ದು ನಿಲ್ಲಬಾರ್ದು. ಈಗಲೇ ಆಸ್ಪತ್ರೆಗೆ ಹೋಗೋಣ, ಏಳಿ.”

“ನಾಳೆ ಒಂದಿನ ಮಿಸ್. ನಾಳಿದ್ದು ನೀವ್ ಹೇಳಿದ್ ಕಡೆ ಬರ್ತೀನಿ.”

“ಆರತಿ ಮುಂದಿಟ್ಕಂಡು ಆಸ್ಪತ್ರೆ ಮಾತಾಡ್ಬ್ಯಾಡಮ್ಮ,” ಎಂದು ಮುನಿವೆಂಕಟಮ್ಮ ಗದರಿದರು.

ಟ್ಯಾಂಕರ್ ನಿಲ್ಲಿಸಿ ಬಂದ ಬೈರಣ್ಣನವರಿಗೂ ಹೇಳಿದೆ. ಅವರು ಗಾಬರಿಯಾಗಿ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. “ಲೇ ನಾಗು, ಮಾತ್ರೆ ತಗಂತಿದೀಯ ತಾನೆ?”

“ದಿನಾ ನಿಮ್ ಮುಂದೇನೆ ನುಂಗ್ತೀನಲ್ರೀ.”

“ಉಸ್ರು?”

“ಉಪವಾಸದ್ ಸುಸ್ತು. ವರ್ಷಗಟ್ಲೆ ಕಾದಿದೀನಿ, ಒಂದಿನ ಬಿಡಿ ನನ್ನ.”

ಬೈರಣ್ಣ ನನ್ನ ಕಡೆ ನೋಡಿದರು, ತಾಯಿಯ ಕಡೆ ನೋಡಿದರು. “ನಾಳಿದ್ದು ಬೆಳಿಗ್ಗೆ ಮೊದಲನೇ ಕೆಲ್ಸ ಆಸ್ಪತ್ರೆ ಮಿಸ್,” ಎಂದರು.

ಮಾರನೆಯ ದಿನ ಅಕ್ಕ ಆರತಿ ಹೊತ್ತರು. ತಮಟೆಯವರು ಮುಂದೆ, ಹೆಂಗಸರು ಸಾಲಾಗಿ ಹಿಂದೆ. ಹಿಂದೆ ರಾಗಿ ಹೊಲದ ಬದುವಾಗಿದ್ದ ಕಡೆ ಈಗ ಅಪಾರ್ಟ್‌ಮೆಂಟಿನ ಗೇಟು. ಅಲ್ಲಿಯ ಸೆಕ್ಯುರಿಟಿಯವನು ಟೋಪಿ ತೆಗೆದು ಕೈಮುಗಿದ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬೈರಣ್ಣ ತಮ್ಮದೇ ಟ್ಯಾಂಕರಿನಿಂದ ನೀರು ಬಿಡುತ್ತಾ ಮುಂದೆ ಹೋದರು. ನಾನೂ ಶ್ವೇತಾಳೂ ಅಕ್ಕನ ಎರಡೂ ಕಡೆ ನಡೆದೆವು. ಶ್ವೇತ ಆಗ ಪಿಯುಸಿ. “ಅಮ್ಮ, ಕೊಡು, ಒಂದ್ ಸ್ವಲ್ಪ ದೂರ ನಾನ್ ಹೊರ್ತೀನಿ,” ಎಂದಳು. ಅಕ್ಕ ತಲೆ ಅಲುಗಿಸುವಂತಿರಲಿಲ್ಲ, ಕಣ್ಣಲ್ಲೇ ಬೇಡವೆಂದರು. ಹಣೆಯಿಂದ ಇಳಿಯುತ್ತಿದ್ದ ಬೆವರಿಗೆ ಕುಂಕುಮ ಕರಗಿ ಮೂಗಿನವರೆಗೆ ಬಂದಿತ್ತು. ತುಟಿಗಳ ಬಣ್ಣ ನನಗೆ ಸರಿಕಾಣಲಿಲ್ಲ.

ಗುಡಿಯಲ್ಲಿ ಪೂಜಾರಿ ತಟ್ಟೆ ಇಳಿಸಿಕೊಂಡಾಗ ಮುನಿವೆಂಕಟಮ್ಮ ಗಟ್ಟಿಯಾಗಿ ಅತ್ತುಬಿಟ್ಟರು. ಅಕ್ಕ ಜಗಲಿಯ ಮೇಲೆ ಕೂತು, ಮಾತಿಗೆ ಉಸಿರು ಸಾಲದೆ, ಒಂದೊಂದೇ ಪದ ಹೇಳಿದರು. “ಮುಗೀತು ಮಿಸ್. ಇನ್ನು ಅತ್ತೆ ಬಾಯಿಗೆ ಏನೂ ಸಿಕ್ಕಲ್ಲ.” ಆಮೇಲೆ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಕೊನೆ.

ಮನೆಗೆ ಬಂದವರಿಗೆ ಮಲಗಲಾಗಲಿಲ್ಲ. ಕೂತೇ ಇದ್ದರೂ ಕೆಮ್ಮು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಕೆಮ್ಮಿದಾಗ ಬಾಯಿಂದ ತೆಳುಗೆಂಪು ನೊರೆ ಬಂತು. ಬೈರಣ್ಣ ಅವರನ್ನು ಎತ್ತಿಕೊಂಡೇ ಆಟೋ ಹತ್ತಿದರು. ನಾನೂ ಶ್ವೇತಾಳೂ ಜೊತೆಗೆ ಹೋದೆವು.

ತುರ್ತು ವಾರ್ಡಿನಲ್ಲಿ ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಕೇಳಿದರು, ಜಾಗ ಬದಲಿಸಿ ಮತ್ತೆ ಕೇಳಿದರು. ಕವಾಟದ ಸದ್ದು ಇಲ್ಲವೆಂದರು. ಸ್ಕ್ಯಾನಿನಲ್ಲಿ ಕವಾಟದ ಒಂದು ಎಲೆ ಅಲುಗದೆ ನಿಂತಿತ್ತು, ಅದರ ಮೇಲೆ ಹೆಪ್ಪು.

“ಮಾತ್ರೆ ನಿಲ್ಲಿಸಿದ್ರಾಮ್ಮ? ನಿಜ ಹೇಳಿ.”

ಅಕ್ಕ ಆಕ್ಸಿಜನ್ ಮುಸುಕನ್ನು ಸ್ವಲ್ಪ ಸರಿಸಿದರು. ಅಲ್ಲಿ ಗಂಡು ಡಾಕ್ಟರಿದ್ದರು, ಪಕ್ಕದಲ್ಲಿ ಗಂಡ ಇದ್ದರು. ಅಷ್ಟು ವರ್ಷ ಯಾವುದನ್ನು ಆಡಲಾರದೆ ಇದ್ದರೋ ಅದನ್ನು ಆಡಲೇಬೇಕಾಯಿತು. “ಹೊರಗಾಗದು ನಿಲ್ತಿರ್ಲಿಲ್ಲ. ಆರತಿಗೆ... ಅದುಕ್ಕೆ ಬಿಟ್ಟೆ.”

“ನಂಗೊಂದ್ ಮಾತು ಹೇಳ್ಬಾರ್ದಾಗಿತ್ತಾ ನಾಗು?” ಎಂದರು ಬೈರಣ್ಣ.

“ಇದುನ್ನೆಲ್ಲ ನಿಮ್ಗೆ ಹೇಳ್ತಾರಾ?”

ಮತ್ತೆ ಎದೆ ತೆರೆಯುವ ಸ್ಥಿತಿಯಲ್ಲಿ ಅವರಿರಲಿಲ್ಲ. ಹೆಪ್ಪು ಕರಗಿಸುವ ಔಷಧವನ್ನು ರಕ್ತನಾಳಕ್ಕೆ ಕೊಡುತ್ತೇವೆ, ಕರಗುವಾಗ ಚೂರೊಂದು ಕಳಚಿ ಮಿದುಳಿಗೆ ಹೋಗುವ ಅಪಾಯ ಇದೆ ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದರು. ಬೈರಣ್ಣ ಒಪ್ಪಿದರು. ಬೇರೆ ದಾರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ಏದುಸಿರು ಇಳಿಯಿತು. ಒಳಗೆ ಬಿಟ್ಟಾಗ ಬೈರಣ್ಣ ಹೆಂಡತಿಯ ಎದೆಯ ಹತ್ತಿರ ಬಗ್ಗಿ ನಿಂತರು, ಆಮೇಲೆ ಹೊರಗೆ ಓಡಿಬಂದು ಫೋನ್ ಮಾಡಿದರು. “ಅವ್ವಾ, ಸದ್ದು ಬಂತು ಕಣವ್ವ! ಟಿಕ್ ಟಿಕ್ ಅಂತೈತೆ!” ರಾತ್ರಿಯೇ ಮನೆಗೆ ಮರಳಿ ಮುನಿವೆಂಕಟಮ್ಮನ ಪಕ್ಕ ಕೂತಿದ್ದ ನನಗೂ ಅದು ಕೇಳಿಸಿತು. ಮುನಿವೆಂಕಟಮ್ಮ ಫೋನನ್ನು ಕಿವಿಯಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಷ್ಟರಲ್ಲಿ ಅವರಿಗೆ ನಡೆದದ್ದೆಲ್ಲ ಗೊತ್ತಾಗಿತ್ತು. “ಬರ್ಲಿ. ಆ ಸದ್ದೇ ಬರ್ಲಿ. ಸಾಯೋಗಂಟ ಬರ್ಲಿ,” ಎಂದರು.

ಆ ಮಧ್ಯಾಹ್ನ ಶ್ವೇತಾಳ ಜೊತೆ ಮಾತಾಡುತ್ತಿದ್ದಂತೆಯೇ ಅಕ್ಕನ ಬಾಯಿ ಒಂದು ಕಡೆಗೆ ವಾಲಿತು, ಬಲಗೈ ಮಂಚದಿಂದ ಜಾರಿತು. ಡಾಕ್ಟರು ಹೇಳಿದ್ದ ಚೂರು ಮಿದುಳಿಗೆ ಹೋಗಿತ್ತು. ಎಚ್ಚರ ಮತ್ತೆ ಬರಲಿಲ್ಲ. ಮೂರನೆಯ ದಿನ ತೀರಿಕೊಂಡರು. ಕವಾಟ ಕೊನೆಯವರೆಗೂ ಸರಿಯಾಗಿ ಸದ್ದು ಮಾಡುತ್ತಿತ್ತೆಂದು ಬೈರಣ್ಣ ಹೇಳಿದರು. ಕೊನೆಯ ಸಂಜೆಯೆಲ್ಲ ಅವರು ಅದನ್ನೇ ಕೇಳುತ್ತಾ ಕೂತಿದ್ದರು.

ಆಮೇಲೆ ಆ ಮನೆಯಲ್ಲಿ ಕರೆಂಟ್ ಹೋದರೆ ಯಾರೂ ನಡುಮನೆಯಲ್ಲಿ ಕೂರುತ್ತಿರಲಿಲ್ಲ. ಫ್ಯಾನ್ ನಿಂತ ಕೂಡಲೇ ಮುನಿವೆಂಕಟಮ್ಮ ಎದ್ದು, ಮಂಡಿ ಹಿಡಿದುಕೊಂಡು, ಬಿಸಿಲೆನ್ನದೆ ಹೊರಗಿನ ಮೆಟ್ಟಿಲಿಗೆ ಹೋಗಿಬಿಡುತ್ತಿದ್ದರು. ಕೆಲವು ತಿಂಗಳಾದ ಮೇಲೆ ಬೈರಣ್ಣ ಯುಪಿಎಸ್ ಹಾಕಿಸಿದರು. ಈಗ ಅಲ್ಲಿ ಫ್ಯಾನ್ ನಿಲ್ಲುವುದಿಲ್ಲ.

ಶ್ವೇತ ಡಿಗ್ರಿ ಸೇರಿದಳು. ಅಜ್ಜಿಯ ಜೊತೆ ಮಾತು ಬಿಟ್ಟಿರಲಿಲ್ಲ, ಆದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಿದ್ದಳು. ವರ್ಷದ ಕಾರ್ಯ ಮುಗಿದ ಮೇಲೆ ಬಂದ ಊರಹಬ್ಬಕ್ಕೆ ಅವರ ಮನೆಯಿಂದ ಆರತಿ ಹೋಗುವುದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಬೈರಣ್ಣನೂ ಬೇಡವೆಂದಿದ್ದರು. ಆದರೆ ಆ ಬೆಳಿಗ್ಗೆ ಕೆಳಗಿನಿಂದ ಬೆಲ್ಲ ಕುಟ್ಟುವ ಸದ್ದು ಬಂತು. ನಾನು ಇಳಿದು ಹೋದಾಗ ಮುನಿವೆಂಕಟಮ್ಮ ಒಬ್ಬರೇ ಕೂತು ತಂಬಿಟ್ಟು ಕಲಸಿ ಮುಗಿಸಿದ್ದರು. ತಟ್ಟೆಗೆ ಹೂವು ಸುತ್ತಲು ನನ್ನನ್ನು ಕರೆದರು.

“ಶ್ವೇತಾ, ತಲೆಗ್ ನೀರ್ ಹಾಕ್ಕಂಡ್ ಬಾ. ಆರತಿ ನೀನ್ ಹೊರ್ಬೇಕು.”

ಶ್ವೇತ ಬಾಗಿಲಿಗೆ ಬಂದು ನಿಂತಳು. ಕಾಲೇಜಿಗೆ ಹೊರಟ ಬಟ್ಟೆಯಲ್ಲೇ ಇದ್ದಳು, ಹೆಗಲಲ್ಲಿ ಬ್ಯಾಗಿತ್ತು. ಅಜ್ಜಿಯನ್ನು ನೆಟ್ಟಗೆ ನೋಡಿ ಹೇಳಿದಳು.

“ನಾನು ಹೊರಗಾಗಿದೀನಿ.”

ಅದು ನಿಜವೋ, ಅಜ್ಜಿಯ ಬಾಯಿಂದ ಏನು ಬರುತ್ತದೆಂದು ನೋಡಲು ಆಡಿದ ಮಾತೋ ನನಗೆ ತಿಳಿಯಲಿಲ್ಲ. ಮುನಿವೆಂಕಟಮ್ಮ ತಂಬಿಟ್ಟಿನ ದೀಪದ ಕುಳಿಯನ್ನು ಬೆರಳಲ್ಲಿ ತಿದ್ದುತ್ತಲೇ ಇದ್ದರು. ಬೀದಿಯ ಕೊನೆಯಲ್ಲಿ ತಮಟೆ ಶುರುವಾಗಿತ್ತು.

“ಆಗಿದ್ರೆ ಆಗಿರ್ಲಿ,” ಎಂದರು ಕೊನೆಗೆ. ತಲೆ ಎತ್ತಲಿಲ್ಲ. “ನಾನೇನ್ ಕೇಳುದ್ನಾ? ಬಾ ಅಂದೆ ಅಷ್ಟೆ.”

ಶ್ವೇತ ಬ್ಯಾಗು ಕೆಳಗಿಟ್ಟು ಬಚ್ಚಲಿಗೆ ಹೋದಳು. ನೀರು ಬೀಳುವ ಸದ್ದು ಕೇಳಿದ ಮೇಲೆ ಮುನಿವೆಂಕಟಮ್ಮ ಎದ್ದು, ಪೆಟ್ಟಿಗೆಯಿಂದ ಸೊಸೆಯ ಆ ಹಬ್ಬದ ಸೀರೆ ತೆಗೆದು ಬಚ್ಚಲ ಬಾಗಿಲಿಗೆ ನೇತುಹಾಕಿ, ಅಲ್ಲೇ ಗೋಡೆ ಹಿಡಿದು ನಿಂತರು.